ಕೋವಿ ಪಳಗಿಸುವ ಅತ್ತಿಗೆ

ಮುಂಜಾನೆಯ ಬೆಳಕು ಇನ್ನೂ ಕಿಟಕಿಯ ಸರಳುಗಳನ್ನಷ್ಟೇ ಮುಟ್ಟಿದೆ. ಮೇಜಿಗೆ ಬಿಗಿದ ಕೋವಿ ನಳಿಗೆಗೆ, ಊರಿಗೆಲ್ಲ ಅತ್ತಿಗೆಯಾದವರು ಆಲಿಕೆಯಲ್ಲಿ ಕುದಿನೀರು ಹೊಯ್ಯುತ್ತಾರೆ. ಕೆಳಗಿನ ಬಕೆಟ್ಟಿಗೆ ಮೊದಲು ಡಾಂಬರಿನಂಥ ನೀರು ಇಳಿಯುತ್ತದೆ, ಆಮೇಲೆ ಚಹಾದಂಥದ್ದು, ಕೊನೆಗೆ ತಿಳಿನೀರು. ಕಾದ ನಳಿಗೆಯನ್ನು ಒರೆಸಿ, ಜೇನುಮೇಣಕ್ಕೆ ಕೊಬ್ಬು ಬೆರೆಸಿದ ಮುಲಾಮನ್ನು ಬಟ್ಟೆಯುಂಡೆಗೆ ಸವರಿ, ಗಜವೆಂಬ ಉದ್ದ ಸರಳಿನ ತುದಿಗೆ ಸಿಕ್ಕಿಸಿ ಒಳಗೆಲ್ಲ ತಿಕ್ಕುತ್ತಾರೆ. ಎಷ್ಟು ಸಲವೆಂದು ಎಣಿಸುವುದಿಲ್ಲ, ಕಿವಿಗೊಟ್ಟು ಕೇಳುತ್ತಾರೆ.

"ಕರಕರ ಅಂದ್ರೆ ಇನ್ನೂ ಕಾಡು. ಸುಯ್ ಅಂದ್ರೆ ಪಳಗ್ತು."

ಇದು ಬಾಯಿಂದಲೇ ಮದ್ದು, ಗುಂಡು ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ. ಪ್ರತಿ ಗುಂಡಿಗೂ ಒಳಗೆ ಮದ್ದಿನ ಕಿಟ್ಟ ಕಟ್ಟುತ್ತದೆ. ನಾಲ್ಕನೆಯದಕ್ಕೆ ಗಜ ಅರ್ಧದಾರಿಯಲ್ಲೇ ಹಟ ಹಿಡಿದು ನಿಲ್ಲುತ್ತದೆ. ಕೇಪಿನ ಕೋವಿಯವರು ಒರೆಸುತ್ತಾ ಕೂತರೆ ಉಳಿದವರ ಸರದಿ ಯಾವಾಗ ಎಂದು ಗುರಿಮೈದಾನದ ಮೇಲ್ವಿಚಾರಕರು ರೇಗಿದ್ದಾರೆ. ಇಂದು ಹತ್ತು ಗಂಟೆಗೆ ಒಂದು ಕೋವಿ ಒಮ್ಮೆಯೂ ಒರೆಸದೆ ಹದಿನೈದು ಗುಂಡು ಹಾರಿಸಬೇಕು. ಇಲ್ಲವಾದರೆ ಕೇಪಿನ ಕೋವಿಗಳಿಗೆ ಮೈದಾನದ ಬಾಗಿಲು ಬಂದ್. ಅದರ ಹಿಂದೆಯೇ ಕೋವಿ ರಿಪೇರಿಯ ಈ ಕಮ್ಮಟದ್ದೂ.

ಸಾಲದ್ದಕ್ಕೆ, ಮೂರು ದಿನ ಕೂತು ಪಳಗಿಸಿದ್ದ ಇದೇ ನಳಿಗೆಗೆ ಅದರ ಯಜಮಾನರಾದ ನಿವೃತ್ತ ಟಪಾಲಿನವರು ಮೊನ್ನೆ ಅಕ್ಕರೆಯಿಂದ ಹೊಲಿಗೆ ಮಷೀನಿನ ಎಣ್ಣೆ ಹೊಯ್ದಿದ್ದಾರೆ. ಆ ಎಣ್ಣೆಗೆ ಮದ್ದಿನ ಮಸಿ ಸೇರಿದರೆ ಅಂಟೋ ಅಂಟು.

"ಮಗೂಗೆ ಜೇನು ನೆಕ್ಕಿಸ್ದಂಗೆ ನೆಕ್ಕಿಸಿದಾರೆ ಪುಣ್ಯಾತ್ಮರು!" ಆ ಎಣ್ಣೆ ಬಿಡಿಸಲು ನಿನ್ನೆಯಿಂದ ಇದು ಆರನೆಯ ಕಾವು.

ಈ ವಿದ್ಯೆ ಅವರಿಗೆ ಒಲಿದದ್ದು ಅಡುಗೆಮನೆಯಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಕಬ್ಬಿಣದ ಬಾಣಲೆಯನ್ನು ಬೂದಿ ಹಾಕಿ ಫಳಫಳ ತಿಕ್ಕಿಟ್ಟಿದ್ದರು. "ಇಪ್ಪತ್ತು ವರ್ಷ ಪಳಗಿಸಿದ್ದೆ ಕಣೇ, ಒಂದೇ ದಿನಕ್ಕೆ ಕಾಡಿಗಟ್ಟಿದೆಯಲ್ಲೇ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಕಬ್ಬಿಣಕ್ಕೂ ನೆನಪಿದೆಯೆಂದು ಸೊಸೆ ಅಂದು ಕಲಿತರು. ಗಂಡ ಕೋವಿ ಮೇಸ್ತ್ರಿ. ಊರೆಲ್ಲ ಅವರದೇ ಹೆಸರು. ಗುಂಡಿನ ಸದ್ದಿಗೆ ಅವರ ಕಿವಿ ಮಂದವಾದ ಮೇಲೆ, ಈ ಹನ್ನೊಂದು ವರ್ಷ, ನಳಿಗೆಯ ಮಾತು ಕೇಳುತ್ತಿರುವುದು ಅತ್ತಿಗೆಯೇ. ತಿಂಗಳಿಗೆ ಎಂಟು ಹತ್ತು ಕೋವಿ.

ಹತ್ತು ಗಂಟೆ, ಗುರಿಮೈದಾನ. ಟಪಾಲಿನವರು ತಪ್ಪೊಪ್ಪಿಕೊಂಡ ಮುಖದಲ್ಲೇ ಮದ್ದು ತುಂಬುತ್ತಾರೆ. ನಾಲ್ಕು, ಏಳು, ಹನ್ನೆರಡು. ಹದಿಮೂರಕ್ಕೆ ಗಜ ಒಮ್ಮೆ ಗೊರಕ್ಕೆನ್ನುತ್ತದೆ. ಅತ್ತಿಗೆ ಸೆರಗಿನ ತುದಿ ಮುರಿಗೆ ಹಾಕುತ್ತಾರೆ. ಇಳಿಯಿತು. ಹದಿನಾಲ್ಕು. ಹದಿನೈದು.

"ಹೋಯ್ತು ರೀ, ಹೋಯ್ತು!" ಎಂದು ಅತ್ತಿಗೆ ಕೂಗುತ್ತಾರೆ. ಮೇಸ್ತ್ರಿಯ ಮುಖ ಕಪ್ಪಿಡುತ್ತದೆ.

"ಹೋಯ್ತಾ? ಎಲ್ಲಾ ಹೋಯ್ತಾ?"

"ಅಯ್ಯೋ, ಗುಂಡು ಹೋಯ್ತೂಂದ್ರೆ! ಹದಿನೈದೂ!"

ಮಾತು ಮುಟ್ಟದೆಂದು ಅತ್ತಿಗೆ ಗಜವನ್ನೇ ಅವರ ಕೈಗಿಡುತ್ತಾರೆ. ಮೇಸ್ತ್ರಿ ಅದನ್ನು ಖಾಲಿ ನಳಿಗೆಗೆ ಇಳಿಬಿಡುತ್ತಾರೆ. ಅದು ತಳದವರೆಗೂ ಜಾರಿದ್ದು ಅಂಗೈಗೆ ತಿಳಿದು, ನಗುತ್ತಾರೆ.

"ಭೇಷ್ ಮೇಸ್ತ್ರಿ! ಕೇಪಿನ ಕೋವಿಗೆ ಜಾಗ ಉಳೀತು," ಎಂದು ಮೇಲ್ವಿಚಾರಕರು ಕೈಚಾಚುತ್ತಾರೆ. ಮೇಸ್ತ್ರಿ ಆ ಕೈ ಹಿಡಿದು ಹೆಂಡತಿಯತ್ತ ತಿರುಗಿಸುತ್ತಾರೆ. "ಭೇಷ್ ಅನ್ನೋದಿದ್ರೆ ಅಲ್ಲಿ ಅನ್ನಿ ಸ್ವಾಮಿ. ನಂಗೆ ಹೆಂಗೂ ಕೇಳ್ಸಲ್ಲ."

ಅತ್ತಿಗೆ ಮಸಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಭೇಷ್ ಬೇಡಪ್ಪಾ. ಆ ಟಪಾಲಣ್ಣನ ಮನೇಲಿರೋ ಮಷೀನ್ ಎಣ್ಣೆ ಡಬ್ಬಿ ಯಾರಾದ್ರೂ ಬಚ್ಚಿಟ್ರೆ ಸಾಕು."