ಗಾದಿಯ ಮೇಲಿನ ನೀಲಿ

ಗೋಡೆಯೊಳಗೆ ಅಡಗಿರುವ ಒದ್ದೆಯನ್ನು ಹುಡುಕುವುದು ನನ್ನ ಕಸುಬು. ಕೈಯಲ್ಲೊಂದು ಕ್ಯಾಮೆರಾ ಹಿಡಿದು ಪುಣೆಯ ಮನೆಮನೆ ತಿರುಗುತ್ತೇನೆ. ಅದು ಬೆಳಕನ್ನಲ್ಲ, ಶಾಖವನ್ನು ನೋಡುವ ಕ್ಯಾಮೆರಾ. ಅದರ ಪರದೆಯ ಮೇಲೆ ಬೆಚ್ಚಗಿದ್ದದ್ದು ಹಳದಿ, ತಣ್ಣಗಿದ್ದದ್ದು ನೀಲಿ. ನೀರು ಆರುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ನೆನೆದಿರುವ ಗೋಡೆ ಅಲ್ಲಿ ನೀಲಿಯಾಗಿ ಸಿಕ್ಕಿಬೀಳುತ್ತದೆ. ಹೊಸ ಬಣ್ಣ ಬಳಿದು ಮುಚ್ಚಿಟ್ಟರೂ ಬಿಡುವುದಿಲ್ಲ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ, ಊರೊಳಗಿನ ಬಂಗಲೆಗಳಲ್ಲಿ, ‘ನಮ್ಮಲ್ಲಿ ಏನೂ ಸೋರುವುದಿಲ್ಲ’ ಎಂದು ಎದೆಯುಬ್ಬಿಸಿ ನಿಂತ ಮಾಲೀಕರ ಮುಖ ಸಪ್ಪಗಾಗುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟಿದ್ದೇನೆ. ಸುಳ್ಳು ಯಾಕೆ ಹೇಳಲಿ, ಈ ಕೆಲಸದಲ್ಲಿ ನನಗೆ ಹಿಡಿಸಿದ್ದೇ ಅದು. ಅದೇ ಕ್ಯಾಮೆರಾದಿಂದ, ನನ್ನ ಮನೆಯಲ್ಲೇ, ನನ್ನ ಕೈಯಾರೆ ಅಪ್ಪನ ಮಾನ ತೆಗೆದೆ.

ಅಪ್ಪ ವಿಜಯಪುರದ ಕಡೆಯವರು. ಹರೆಯದಲ್ಲೇ ಪುಣೆಗೆ ಬಂದು, ಗುಮಾಸ್ತಿಕೆ ಮಾಡಿ, ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಹಟ ಹಿಡಿದು ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆ. ನಾನೊಬ್ಬಳೇ ಮಗಳು, ಬೇರೆ ಎಲ್ಲಿಗೆ ಹೋಗುತ್ತಾರೆ? ಆದರೂ ಮಗಳ ಮನೆಯಲ್ಲಿ ಇರುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಅಳಿಯ ಮನೆಯಲ್ಲಿದ್ದರೆ ಟಿವಿಯ ದನಿ ಏರಿಸುತ್ತಿರಲಿಲ್ಲ. ಚಹಾ ಬೇಕಾದರೆ ಬಾಯಿಬಿಟ್ಟು ಕೇಳದೆ ಅಡುಗೆಮನೆಯ ಮುಂದೆ ಎರಡು ಸಲ ಸುಳಿದಾಡುತ್ತಿದ್ದರು.

ಅವ್ವ ಇದ್ದಾಗ ಕುಡಿದ ಕಪ್ಪನ್ನೂ ಎತ್ತಿಡದ ಮನುಷ್ಯ, ಇದ್ದಕ್ಕಿದ್ದಂತೆ ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ಬರೀ ಧೋತರ, ಬನಿಯನ್ ಅಲ್ಲ, ಹಾಸಿಗೆಯ ಚಾದರವನ್ನೂ. ಅಡುಗೆಮನೆಯ ಪಕ್ಕದಲ್ಲಿ ವಾಷಿಂಗ್ ಮಷೀನ್ ಇದ್ದರೂ, ಬಚ್ಚಲಿನಿಂದ ನೀರಿನ ಬಕೆಟ್ ಹೊತ್ತುಕೊಂಡು ತಮ್ಮ ಕೋಣೆಯ ಪುಟ್ಟ ಬಾಲ್ಕನಿಗೆ ಒಯ್ದು, ಬಾಗಿಲು ಮುಂದೆ ಮಾಡಿಕೊಂಡು ಅಲ್ಲಿ ಒಗೆಯುತ್ತಿದ್ದರು. “ಮಷೀನಿಗೆ ಹಾಕ್ರಿ ಅಪ್ಪಾ,” ಎಂದರೆ, “ಕೊಟ್ಟ ಮಗಳ ಕೈಲೆ ಸೇವಾ ಮಾಡಿಸ್ಕೋಬಾರದವಾ, ನಮ್ಮ ಕಡೆ ರೂಢಿ ಇಲ್ಲ,” ಎನ್ನುತ್ತಿದ್ದರು.

ನಾವು ನಂಬಿದೆವು. ನಮ್ಮ ಅಜ್ಜ ಮಗಳ ಮನೆಗೆ ಹೋದರೆ ನೀರು ಕೂಡ ಮುಟ್ಟುತ್ತಿರಲಿಲ್ಲವಂತೆ. ಅಂಥವರ ಮಗ ಹೀಗೆನ್ನುವುದರಲ್ಲಿ ಏನು ವಿಶೇಷ? “ನಿಮ್ಮಪ್ಪ ಈ ವಯಸ್ಸಿನಾಗ ಭಾಳ ಮಡಿ ಹಿಡದಾರ ನೋಡು,” ಎಂದು ನನ್ನ ಗಂಡ ನಗುತ್ತಿದ್ದ. ನಾನೂ ನಗುತ್ತಿದ್ದೆ. ಫೋನಿನಲ್ಲಿ ನೆಂಟರಿಗೆಲ್ಲ ಹೇಳಿ ಅವರನ್ನೂ ನಗಿಸಿದ್ದೆ.

ಅಷ್ಟರಲ್ಲಿ ನಮ್ಮ ಕೆಳಗಿನ ಮನೆಯ, ಎಲ್ಲರೂ ಕಾಕೂ ಎಂದು ಕರೆಯುವ ಹಿರಿಯರು ಲಿಫ್ಟಿನಲ್ಲಿ ನನ್ನನ್ನು ಹಿಡಿದು, ತಮ್ಮ ಮಲಗುವ ಕೋಣೆಯ ಛತ್ತಿನ ಬಣ್ಣ ಗುಳ್ಳೆಯೆದ್ದಿದೆ, ನಿಮ್ಮ ಮನೆಯಿಂದ ನೀರು ಇಳಿಯುತ್ತಿರಬಹುದೇ ಎಂದು ಮೆಲ್ಲಗೆ ಕೇಳಿದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮರಾಠಿ ಹೆಂಗಸು, ಜೋರು ದನಿಯವರಲ್ಲ. ಜೋರು ದನಿ ನನ್ನದು. “ನಿಮ್ಮ ತಲೆಯ ಮೇಲಿರುವುದು ನಮ್ಮ ಅಪ್ಪನ ಕೋಣೆ. ಅಲ್ಲಿ ನಲ್ಲಿಯೇ ಇಲ್ಲ, ನೀರು ಆಕಾಶದಿಂದ ಬರಬೇಕೇ?” ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವರು ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ನರಿಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಊರಿಗೆಲ್ಲ ಸೋರಿಕೆ ಹುಡುಕಿಕೊಡುವವಳ ಮನೆಯೇ ಸೋರುತ್ತದೆಯೆಂದು ದೂರು! ಭಾನುವಾರ ಕ್ಯಾಮೆರಾ ತರುತ್ತೇನೆ, ಎಲ್ಲರ ಎದುರೇ ನೋಡಿಬಿಡೋಣ ಎಂದೆ.

ಭಾನುವಾರ ಕಾಕೂ ಮನೆಯಲ್ಲಿ ಕ್ಯಾಮೆರಾ ಹಿಡಿದು ನಿಂತಾಗ ನನ್ನ ಜಂಬ ನೋಡಬೇಕಿತ್ತು. ಚೇರ್ಮನ್ನರು ಬ್ಯಾಂಕಿನಲ್ಲಿದ್ದವರು, ಹೊಸದೇನು ಕಂಡರೂ ಮಕ್ಕಳಂತೆ ಕುತೂಹಲ. ಅವರಿಗೂ ಕಾಕೂಗೂ ಕ್ಲಾಸ್ ತೆಗೆದುಕೊಂಡೆ. ಹಳದಿ ಎಂದರೆ ಇದು, ನೀಲಿ ಎಂದರೆ ಇದು. ಕಾಕೂ ಕೈಯನ್ನು ಗೋಡೆಗೆ ಒತ್ತಿಸಿ ತೆಗೆಸಿ, ಗೋಡೆಯ ಮೇಲೆ ಉಳಿದ ಹಳದಿ ಬೆರಳುಗಳನ್ನು ತೋರಿಸಿದೆ. ಮೈಬಿಸಿಯ ಗುರುತು ಇದು, ತುಸು ಹೊತ್ತಿಗೆ ತಾನೇ ಮಾಯವಾಗುತ್ತದೆ, ಹಾಗೆ ಮಾಯವಾಗದೆ ಉಳಿಯುವ ನೀಲಿ ಮಾತ್ರ ನಿಜವಾದ ನೀರು ಎಂದೆ. ಇಬ್ಬರೂ ಚೆನ್ನಾಗಿ ಕಲಿತರು.

ಛತ್ತಿಗೆ ಕ್ಯಾಮೆರಾ ತಿರುಗಿಸಿದರೆ, ಬಾಲ್ಕನಿಯ ಕಡೆಯಿಂದ ಶುರುವಾದ ನೀಲಿ ಕೋಣೆಯ ನಡುವಿನವರೆಗೂ ಹರಡಿತ್ತು. ನೀರು ಮೇಲಿನಿಂದಲೇ ಇಳಿಯುತ್ತಿತ್ತು. ಅಲ್ಲಿಗೇ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಎಲ್ಲಿ ಸೋಲುತ್ತೇನೆ? ನಮಗಿಂತ ಮೇಲಿನ ಮನೆಯ ಪೈಪು ಯಾವುದೋ ಅಪ್ಪನ ಮಂಚದ ಹಿಂದಿನ ಗೋಡೆಯೊಳಗೆ ಒಡೆದಿರಬೇಕು, ಬನ್ನಿ ತೋರಿಸುತ್ತೇನೆ ಎಂದು ಇಬ್ಬರನ್ನೂ ಮೇಲಕ್ಕೆ ಕರೆದುಕೊಂಡು ಹೋದೆ.

ನಮ್ಮ ದನಿ ಕೇಳಿಯೋ ಏನೋ, ಅಪ್ಪ ಕಿಟಕಿಯ ಬಳಿಯ ಕುರ್ಚಿಯಿಂದ ಎದ್ದು ಬಂದು ಮಂಚದ ನಟ್ಟನಡುವೆ ಕೂತರು. ನನ್ನ ಕೈಯ ಕ್ಯಾಮೆರಾ ನೋಡಿ ಕನ್ನಡದಲ್ಲಿ, ನನಗಷ್ಟೇ ತಿಳಿಯುವಂತೆ, “ಈ ಖೋಲಿ ಬ್ಯಾಡವಾ. ನಾಳೆ ನೋಡು,” ಎಂದರು.

ನಾನು ಉತ್ತರ ಕೊಟ್ಟದ್ದು ಮರಾಠಿಯಲ್ಲಿ, ಎಲ್ಲರಿಗೂ ಕೇಳಲೆಂದೇ. ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಇವರು ಕಣ್ಣಾರೆ ನೋಡಿಕೊಂಡು ಹೋಗಲಿ ಎಂದೆ. ಅಪ್ಪ ಕದಲಲಿಲ್ಲ. “ಏಳ್ರಿ ಅಪ್ಪಾ, ನಿಮ್ಮ ಮೈಬಿಸಿ ಚಿತ್ರದಾಗ ಬರ್ತದ,” ಎಂದು ಗದರಿದೆ. ಗದರಿದೆ ಎಂದೇ ಬರೆಯಬೇಕು. ಅವರು ಮಂಚದ ಕಟ್ಟು ಹಿಡಿದು ಎದ್ದು ಗೋಡೆಗೆ ಒರಗಿ ನಿಂತರು.

ಗೋಡೆ ಪೂರ್ತಿ ಹಳದಿ. ಎಲ್ಲೂ ಪೈಪಿಲ್ಲ, ಒದ್ದೆಯಿಲ್ಲ. ಮಂಚದ ಮೇಲೆ ಅಪ್ಪ ಕೂತೆದ್ದ ಗುರುತು ದಟ್ಟ ಹಳದಿಯಾಗಿ ಕಾಣುತ್ತಿತ್ತು. ಇದು ಮೈಬಿಸಿ, ಸ್ವಲ್ಪ ತಡೆಯಿರಿ, ಹೋಗುತ್ತದೆ ಎಂದೆ. ಮೂವರೂ ಪರದೆ ನೋಡುತ್ತ ನಿಂತೆವು. ಹಳದಿ ಮೆಲ್ಲಮೆಲ್ಲಗೆ ಇಳಿಯಿತು. ಇಳಿದ ಕಡೆಯೆಲ್ಲ, ಚಾದರದ ನಡುವೆ, ದೊಡ್ಡದೊಂದು ನೀಲಿ ಏಳತೊಡಗಿತು. ಅದು ಮಾಯವಾಗಲಿಲ್ಲ.

“ಗಾದೀ ಪಣ ನಿಳೀ!” ಎಂದರು ಚೇರ್ಮನ್ನರು. ಗಾದಿಯೂ ನೀಲಿ! ಪ್ರಶ್ನೆಗೆ ಮೊದಲು ಉತ್ತರ ಹೇಳಿದ ಹುಡುಗನ ಉಮೇದು ಅವರ ದನಿಯಲ್ಲಿತ್ತು. ಪಾಪ, ಅವರ ತಪ್ಪಲ್ಲ, ನಾನೇ ಕಲಿಸಿದ್ದು.

ನನಗೆ ತಿಳಿಯುವ ಮೊದಲೇ ಕಾಕೂಗೆ ತಿಳಿದಿತ್ತು. ಅವರು ಬಾಲ್ಕನಿಯಲ್ಲಿ ಒಣಹಾಕಿದ್ದ ಇನ್ನೊಂದು ಚಾದರವನ್ನೂ, ಅದರ ಕೆಳಗಿನ ಬಕೆಟ್ಟನ್ನೂ ನೋಡಿ ಮುಖ ಆಚೆ ತಿರುಗಿಸಿದರು. ಅಪ್ಪ ಮರಾಠಿಯಲ್ಲಿ, “ತಂಬಿಗೆಯ ನೀರು ಚೆಲ್ಲಿತ್ತು,” ಎಂದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. “ಹೌದು ಹೌದು, ಚೆಲ್ಲುತ್ತದೆ,” ಎಂದರು ಕಾಕೂ. “ನನ್ನ ಛತ್ತಿನದು ಮಳೆಯ ನೀರೇ ಇರಬೇಕು. ಸುಮ್ಮನೆ ನಿಮಗೆಲ್ಲ ತೊಂದರೆ ಕೊಟ್ಟೆ.” ಮಳೆ ನಿಂತು ತಿಂಗಳುಗಳಾಗಿದ್ದವು. ಚೇರ್ಮನ್ನರನ್ನು ತೋಳು ಹಿಡಿದು ಹೊರಡಿಸಿಕೊಂಡು ಹೋದರು. ನಾನು ಅಷ್ಟು ಜರೆದಿದ್ದ ಹೆಂಗಸು ನಮ್ಮ ಮನೆಯ ಮಾನಕ್ಕಾಗಿ ಸುಳ್ಳು ಹೇಳಿ ಹೋದಾಗ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಕ್ಯಾಮೆರಾ ಇನ್ನೂ ಚಾಲೂ ಇತ್ತು. ಅದನ್ನು ಆರಿಸಬೇಕೆಂಬುದೂ ಹೊಳೆಯದೆ ನಿಂತಿದ್ದೆ. ಪರರ ಮನೆಯ ಒದ್ದೆಯನ್ನು ಗೋಡೆಯೊಳಗಿಂದ ಹೆಕ್ಕಿ ತೆಗೆಯುವವಳು, ದಿನವೂ ಚಾದರ ಒಗೆಯುವ ಅಪ್ಪನನ್ನು ಕಣ್ಣೆದುರೇ ಇಟ್ಟುಕೊಂಡು ಮಡಿಯೆಂದು ನಕ್ಕಿದ್ದೆ. ನೆಂಟರನ್ನೂ ನಗಿಸಿದ್ದೆ. ಅವರು ತಮ್ಮ ಮಾನ ಉಳಿಸಿಕೊಳ್ಳಲು ಈ ವಯಸ್ಸಿನಲ್ಲಿ ಬಕೆಟ್ ಹೊತ್ತಿದ್ದರು.

“ನನಗ್ಯಾಕ ಹೇಳಲಿಲ್ರಿ ಅಪ್ಪಾ?” ಎಂದೆ.

“ಹೇಳಿದ್ನಲ್ಲವಾ,” ಎಂದರು ಅಪ್ಪ. “ಈ ಖೋಲಿ ಬ್ಯಾಡ ಅಂದ್ನಲ್ಲ.”

ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಡಾಕ್ಟರಿಗೆ ತೋರಿಸಿದೆವು. ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವುದು ವಯಸ್ಸಾದವರಲ್ಲಿ ಇದ್ದದ್ದೇ, ಮುಚ್ಚಿಟ್ಟದ್ದಷ್ಟೇ ತಪ್ಪು ಎಂದು ಅವರು ಗುಳಿಗೆ ಬರೆದುಕೊಟ್ಟರು, ಗುಣವೂ ಕಂಡಿತು. ಅಪ್ಪ ಒಗೆದ ನೀರು ಇಂಗುತ್ತಿದ್ದ ಬಾಲ್ಕನಿಯ ಫರಸಿ ಕಿತ್ತು, ಮತ್ತೆ ಇಳಿಯದಂತೆ ಕೆಳಗೆ ಲೇಪ ಬಳಿಸಿ ಹೊಸದು ಹಾಕಿಸಿದೆ. ಕಾಕೂ ಛತ್ತಿಗೆ ಬಣ್ಣ ಹಚ್ಚಿಸಿಕೊಟ್ಟೆ. ಕ್ಷಮೆ ಕೇಳಲು ಹೋದಾಗ ಆಕೆ ಬಾಗಿಲಲ್ಲೇ ಕೈ ಹಿಡಿದು, ಮಾತು ಬದಲಿಸಿ, ಒಳಗೆ ಕರೆದು ಪೋಹೆ ಕೊಟ್ಟರು. ತಿನ್ನುವಷ್ಟು ಹೊತ್ತೂ ತಲೆ ಎತ್ತಲು ನನ್ನಿಂದಾಗಲಿಲ್ಲ. ಈಗ ಅಪ್ಪನ ಚಾದರ ನಮ್ಮ ಬಟ್ಟೆಗಳ ಜೊತೆಗೇ ಮಷೀನಿಗೆ ಹೋಗುತ್ತದೆ. ಬೇಡವೆನ್ನುವುದನ್ನು ಅವರು ಬಿಟ್ಟಿದ್ದಾರೆ.

ಆದರೆ ನಾನು ಕೆಲಸದಿಂದ ಬರುವಾಗ ಹೆಗಲಿಗೆ ಆ ಕ್ಯಾಮೆರಾದ ಕಪ್ಪು ಚೀಲ ಇದ್ದರೆ, ಅಪ್ಪ ಹೊರಗಿನ ಕೋಣೆಯಲ್ಲಿ ಏನು ಮಾಡುತ್ತಿದ್ದರೂ ಬಿಟ್ಟು ಎದ್ದು ತಮ್ಮ ಕೋಣೆಗೆ ಹೋಗುತ್ತಿದ್ದರು. ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ಚಾದರವನ್ನು ಕೈಯಿಂದ ಸವರಿ, ಮಂಚದ ನಟ್ಟನಡುವೆ ಕೂತಿದ್ದರು. ಹಾಸಿಗೆ ಒಣಗಿಯೇ ಇತ್ತು. ನಾನು ಚೀಲವನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕುವವರೆಗೂ ಅವರು ಏಳಲಿಲ್ಲ.

ಅಂದಿನಿಂದ ಚೀಲವನ್ನು ಮನೆಯೊಳಗೆ ತರುವುದಿಲ್ಲ, ಕೆಳಗೆ ಗಾಡಿಯಲ್ಲೇ ಬಿಡುತ್ತೇನೆ. ಬರಿಗೈಯಲ್ಲಿ ಮೇಲೆ ಬಂದು ಬೆಲ್ ಒತ್ತುತ್ತೇನೆ. ಅಪ್ಪ ಬಾಗಿಲು ತೆಗೆದು ಮೊದಲು ನನ್ನ ಹೆಗಲು ನೋಡುತ್ತಾರೆ, ಆಮೇಲೆ ಮುಖ.