ಕೊನೆಯ ಕೋಣೆಯ ಕೆಂಪು

ಸವಣೂರಿನ ನೂರಜಹಾನ್ ಖಾಲಾ ಎಲ್‌ಇಡಿ ಪಟ್ಟಿ ಕೈಗೆ ಸಿಕ್ಕರೆ ಮೊದಲು ಅದರ ತುದಿ ಹುಡುಕುತ್ತಿದ್ದರು. ಜರಿ ಕೆಲಸದಲ್ಲಿ ಪಳಗಿದ ಬೆರಳು. ಸೀರೆಯ ಅಂಚು ಸವರಿದಂತೆ ಸವರುತ್ತಾ ಕೊನೆಯ ದೀಪದವರೆಗೂ ಹೋಗುತ್ತಿದ್ದರು. ಮದುವೆ ಸ್ಟೇಜಿನ ಬಣ್ಣ ಬದಲಿಸುವ ಪಿಕ್ಸೆಲ್ ಲೈಟು ಕೆಟ್ಟರೆ ಸುತ್ತಲಿನ ಡೆಕೋರೇಶನ್‌ನವರೆಲ್ಲ ಅವರ ಬಾಗಿಲಿಗೇ ಬರುತ್ತಿದ್ದರು. ಕೊರಳಲ್ಲಿ ದಾರ ಕಟ್ಟಿದ, ಕರೆಂಟು ಅಳೆಯುವ ಮೀಟರು, ಬಾಯಲ್ಲಿ ಬೈಗುಳ. ವಿಜ್ಞಾನದ ಟೀಚರಾದ ನನ್ನನ್ನೂ ಅವರು ಬಿಡಲಿಲ್ಲ.

ನಾನಿರುವುದು ಶಿಗ್ಗಾಂವದಲ್ಲಿ, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ. ನಮ್ಮಲ್ಲಿ ಗಂಟೆ ಬಾರಿಸಿ ಪ್ರಯೋಜನವಿಲ್ಲ. ಅದಕ್ಕೇ ಮೂರು ಕೋಣೆಗಳ ಗೋಡೆಗೆ ಉದ್ದನೆಯ ಒಂದೇ ಪಟ್ಟಿ ಎಳೆದಿದ್ದೆ. ಬಿಳಿ ಎಂದರೆ ಪಾಠ; ಕೆಂಪು ಎಂದರೆ ಅಪಾಯ, ಕೂಡಲೇ ಹೊರಗೆ ಓಡಬೇಕು. ಒಂದು ಮಧ್ಯಾಹ್ನ ನಾನು ಬಿಳಿ ಹಾಕಿದೆ. ಕೊನೆಯ ಕೋಣೆಯಲ್ಲಿ ಅದು ಕೆಂಪಾಗಿ ಹೊತ್ತಿತು, ಅಲ್ಲಿನ ಹನ್ನೆರಡು ಮಕ್ಕಳು ದಿಕ್ಕೆಟ್ಟು ಹೊರಗೋಡಿದರು. ಗೇಟು ತೆರೆದಿತ್ತು. ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು, ಮುಂದೆ ಓಡುತ್ತಿದ್ದ ರೇಣುಕಾಗೆ ಅದು ಕೇಳುವಂತಿರಲಿಲ್ಲ. ಅವಳ ಜಡೆ ಹಿಡಿದು ಎಳೆದುಕೊಂಡೆ. ಆಮೇಲೆ ಮಕ್ಕಳು ಆ ಕೋಣೆಗೆ ಕಾಲಿಡಲಿಲ್ಲ. ಹೆಡ್‌ಮಾಸ್ತರರು ಪಟ್ಟಿ ಕಿತ್ತುಹಾಕಿ ಎಂದರು. ಕಿತ್ತರೆ, ನಿಜವಾದ ಅಪಾಯ ಬಂದಾಗ ಈ ಮಕ್ಕಳಿಗೆ ಹೇಳುವವರು ಯಾರು?

ನಾನು ಹೇಳಿಕಳಿಸಿದ್ದಕ್ಕೆ ಮರುದಿನ ಖಾಲಾ ಬಂದರು. ಮೊದಲ ಕೋಣೆಯಲ್ಲಿ ಹಾಲಿನಂಥ ಬಿಳಿ, ಕೊನೆಯದರಲ್ಲಿ ಕೆಂಪು. ಎರಡೂ ಕಡೆ ಮೀಟರು ಹಚ್ಚಿ ತೋರಿಸಿದರು.

“ಹಾದಿ ಉದ್ದಾತು, ಕರೆಂಟು ದಣದೈತ್ರಿ ಅಕ್ಕೋರ. ಬಿಳೀದಾಗ ಮೂರು ಬಣ್ಣ ಇರ್ತಾವ. ಜೋರು ಕಡಿಮ್ಯಾದ್ರ ನೀಲಿ, ಹಸರು ಸೋಲ್ತಾವ, ಕೆಂಪೊಂದ ಉಳೀತೈತಿ.”

ತುದಿಗೆ ಬೇರೆ ದಪ್ಪ ವಯರು ಎಳೆದು ಅಲ್ಲಿಂದಲೂ ಕರೆಂಟು ಕೊಟ್ಟರು. ಬಿಳಿ ಬಂತು, ನನಗೆ ಹೋದ ಜೀವ ಬಂತು. ಇನ್ನೊಂದು ಬೆಸುಗೆ ಬಾಕಿ ಇದೆ, ಲೈಟು ಆರಿಸಿ ಎಂದರು. ಪಟ್ಟಿಯ ಸ್ವಿಚ್ಚು ಒತ್ತಿ, ಆರಿಸಿದ್ದೇನೆ ಎಂದೆ. ಮೊದಲ ನಾಲ್ಕು ದೀಪ ಮಿಣುಕುತ್ತಲೇ ಇದ್ದವು. ಉಳಿದ ಕರೆಂಟು, ಈಗ ಹೋಗುತ್ತದೆ ಎಂದು ಟೀಚರ ಠೀವಿಯಲ್ಲಿ ಹೇಳಿದೆ. ಖಾಲಾ ಸರ್ರನೆ ಕೈ ಹಿಂದೆ ತೆಗೆದುಕೊಂಡರು. ಬಣ್ಣ ಬದಲಿಸಲು ಹೇಳುವ ಕಂಟ್ರೋಲರು ಬೇರೆ ಪ್ಲಗ್ಗಿನಲ್ಲಿ ಇನ್ನೂ ಚಾಲೂ ಇತ್ತು. ಅದರ ಸಿಗ್ನಲ್ ವಯರಿನಿಂದ ಕರೆಂಟು ಕಳ್ಳದಾರಿಯಲ್ಲಿ ಬರುತ್ತಿತ್ತು. ಸಿಗ್ನಲ್ ದಾಟುವುದು ದೀಪದಿಂದ ದೀಪಕ್ಕೆ; ಹೀಗೇ ಬಿಟ್ಟು ಮೊದಲ ದೀಪ ಸುಟ್ಟುಹೋಗಿದ್ದರೆ ಮುಂದಿನ ಯಾವುದಕ್ಕೂ ಅದು ಮುಟ್ಟುತ್ತಿರಲಿಲ್ಲ. ಕೆಂಪು ಬೇಕಾದ ದಿನ ಕೆಂಪೇ ಬರುತ್ತಿರಲಿಲ್ಲ.

“ಆರ್ಸೇನಿ ಅನಬ್ಯಾಡ್ರಿ. ಆರೈತಿ ಅನ್ರಿ, ಅದೂ ಕಣ್ಣೀಲೆ ನೋಡಿ.”

ಪಟ್ಟಿ, ಕಂಟ್ರೋಲರು ಎರಡನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿದರು. ಮಕ್ಕಳು ಮಾತ್ರ ಬಾಗಿಲಲ್ಲೇ ನಿಂತಿದ್ದರು. ಖಾಲಾ ಒಬ್ಬರೇ ಒಳಗೆ ಹೋಗಿ, ಬಿಳಿ ಬೆಳಕಿನ ಕೆಳಗೆ ಚಕ್ಕಳಮಕ್ಕಳ ಹಾಕಿ, ಡಬ್ಬಿ ಬಿಚ್ಚಿ ರೊಟ್ಟಿ ತಿನ್ನತೊಡಗಿದರು. ಅರ್ಧ ರೊಟ್ಟಿ ಮುಗಿಯುವಾಗ ರೇಣುಕಾ ಒಳಗೆ ಹೋದಳು. ಅವಳ ಹಿಂದೆ ಉಳಿದವರೂ ಹೋದರು.

ಕಳೆದ ತಿಂಗಳು ಶಾಲೆಯ ಅಡುಗೆ ಕೋಣೆಯಲ್ಲಿ ಗ್ಯಾಸ್ ಪೈಪಿಗೆ ಬೆಂಕಿ ಹತ್ತಿತು. ಕೆಂಪು ಒತ್ತಿದೆ. ಮಕ್ಕಳೆಲ್ಲ ಮೈದಾನಕ್ಕೆ ಬಂದರು. ಎಣಿಸಿದೆ, ಮತ್ತೆ ಎಣಿಸಿದೆ. ಖಾಲಾಗೆ ಫೋನು ಹಚ್ಚಿದೆ. ಮಗಳು ಎತ್ತಿದಳು. ಅಮ್ಮೀ ತೀರಿಕೊಂಡು ಹದಿನೈದು ದಿನವಾಯಿತು ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಯಾಕೆ ಫೋನು ಮಾಡಿದ್ದಿರಿ ಎಂದು ಅವಳೇ ಕೇಳಿದಳು. ಬೆಂಕಿಯ ವಿಷಯ ಹೇಳಿದೆ.

“ಕಡೀ ಖೋಲಿ ಹುಡುಗರ್ದ ಅಮ್ಮೀಗೆ ಭಾಳ ಚಿಂತಿ ಇತ್ತು,” ಎಂದಳು. “ಎಲ್ಲಾರೂ ಹೊರಗ ಬಂದ್ರೇನ್ರಿ?”

“ಬಂದಾರವ್ವಾ,” ಎಂದೆ. “ಎಲ್ಲಾರೂ ಬಂದಾರ.”