ಎರಡು ಬಡಿದರೆ ಹೊರಡು

ಮೇಷ್ಟ್ರು ಹೊಸ ಶಾಲೆಗೆ ಸೇರಿದ ದಿನ, ಬಸ್ಸು ಕಣ್ಣಿಗೆ ಬೀಳುವ ಮೊದಲೇ ಕಂಡಕ್ಟರನ ದನಿ ಕಿವಿಗೆ ಬಿದ್ದಿತ್ತು.

"ಆಸ್ಪತ್ರೆ, ಗಿರಣಿ, ಹೈಸ್ಕೂಲು! ಬನ್ನಿ ಬನ್ನಿ, ಹಿಂದೆ ಜಾಗ ಇದೆ!"

ಹಿಂದೆ ಜಾಗ ಎಂಬುದು ಶುದ್ಧ ಸುಳ್ಳು. ಆದರೂ ಆ ದನಿಯನ್ನು ನಂಬಿ ಜನ ಹತ್ತುತ್ತಿದ್ದರು, ಮೇಷ್ಟ್ರೂ ಹತ್ತಿದರು. "ಸ್ವಲ್ಪ ಉಸಿರು ಬಿಗಿ ಹಿಡ್ಕೊಳ್ಳಿ ಸಾರ್, ಇನ್ನಿಬ್ಬರು ಹಿಡೀತಾರೆ" ಎನ್ನುತ್ತ ಆತ ಟಿಕೆಟು ಕೈಗೆ ತುರುಕಿ, ಬಾಗಿಲ ತಗಡಿಗೆ ಎರಡು ಸಲ ಬಡಿದ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಅದು ಆತನಿಗೂ ಡ್ರೈವರನಿಗೂ ನಡುವಿನ ಭಾಷೆ. ಆ ಬಸ್ಸು ಗುಜರಿ ಸೇರಿ ಎಷ್ಟೋ ಕಾಲವಾಯಿತು. ಆ ಬಡಿತ ಮಾತ್ರ ಮೇಷ್ಟ್ರ ಕಿವಿಯಲ್ಲಿ ಹಾಗೆಯೇ ಉಳಿದಿದೆ.

ಅಂಥ ಗಂಟಲಿನವನಿಗೆ ವೇದಿಕೆ ಎಂದರೆ ನಡುಕವೆಂದು ಅವರಿಗೆ ತಿಳಿದದ್ದು ಬಹಳ ತಡವಾಗಿ. ನೌಕರರ ಸಭೆಯಲ್ಲಿ ಒಮ್ಮೆ ಮೈಕಿನ ಮುಂದೆ ನಿಲ್ಲಿಸಿದಾಗ ಆತನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತಂತೆ. ಹೊರಬಿದ್ದದ್ದು ಒಂದೇ ಮಾತು: "ಟಿಕೆಟ್, ಟಿಕೆಟ್." ಅಂದಿನಿಂದ ಡಿಪೋದಲ್ಲಿ ಆತ 'ಟಿಕೆಟ್ ಭಾಷಣಕಾರ'.

ಆಮೇಲೆ ಡ್ರೈವರಣ್ಣ ನಿವೃತ್ತನಾಗುವ ದಿನ ಹತ್ತಿರ ಬಂತು. ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ನರೆಸಿಕೊಂಡವರು. "ಸಾಹೇಬ್ರ ಭಾಷಣ ಬೇಡ ಕಣೋ, ಅವರಿಗೆ ನನ್ನ ಹೆಸರೂ ನೆಟ್ಟಗೆ ಬರಲ್ಲ. ನೀನೇ ನಾಲ್ಕು ಮಾತಾಡು" ಎಂದು ಕಂಡಕ್ಟರನಿಗೆ ಹೇಳಿದ್ದ. ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ ಆತ, ಇದೊಂದನ್ನು ಕೇಳಿದ್ದ.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದಾಗ ಕಂಡಕ್ಟರ್ ಬಂದು ಮೇಷ್ಟ್ರ ಪಕ್ಕ ಕುಳಿತ.

"ಅಣ್ಣನ ಬೀಳ್ಕೊಡುಗೆಗೆ ನಾನೇ ಮಾತಾಡ್ಬೇಕಂತೆ ಮೇಷ್ಟ್ರೇ. ನಮ್ಮನೆಯವಳನ್ನ ಕೇಳಿದ್ರೆ, 'ಬಸ್ಸು ನಿಲ್ಸೋ ಹಾಗೆ ಹೋಲ್ಡಾನ್ ಅಂತ ಕೂಗಿ ಇಳಿದು ಬಂದ್ಬಿಡಿ' ಅಂತಾಳೆ."

"ದಿನಾ ಇಷ್ಟು ಜನರ ಮುಂದೆ ಕೂಗ್ತೀರಲ್ರೀ?"

"ಇಲ್ಲಿ ನನ್ನ ಮುಖ ಯಾರು ನೋಡ್ತಾರೆ? ಎಲ್ಲರೂ ಕಿಟಕಿ ನೋಡ್ತಾರೆ. ಅಲ್ಲಿ ಅಷ್ಟೂ ಕಣ್ಣು ನನ್ನ ಮೇಲೇ."

"ಟಿಕೆಟು ಎಲ್ಲರಿಗೂ ಒಟ್ಟಿಗೆ ಕೊಡ್ತೀರಾ?"

"ಅದು ಹೇಗಾಗುತ್ತೆ? ಒಬ್ಬೊಬ್ಬರಿಗೇ."

"ಮಾತನ್ನೂ ಹಾಗೇ ಕೊಡಿ. ಎದೆ ಹೊಡ್ಕೊಂಡ್ರೆ ಹೊಡ್ಕೊಳ್ಳಲಿ. ಎಂಜಿನ್ ಸದ್ದು ಮಾಡ್ದೆ ಬಸ್ಸು ಹೊರಡುತ್ತಾ?"

ಬೀಳ್ಕೊಡುಗೆಗೆ ಹಳೆಯ ಪ್ರಯಾಣಿಕರೆಂದು ಮೇಷ್ಟ್ರನ್ನೂ ಕರೆದಿದ್ದರು. ಕಂಡಕ್ಟರ್ ಮೈಕಿನ ಮುಂದೆ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. "ಟಿಕೆಟ್!" ಎಂದು ಯಾರೋ ಕೂಗಿದರು. ಸಭೆಗೆ ಸಭೆಯೇ ನಕ್ಕಿತು. ವೇದಿಕೆಯ ಕುರ್ಚಿಯಲ್ಲಿದ್ದ ಡ್ರೈವರಣ್ಣ ತಲೆ ತಗ್ಗಿಸಿದ.

ಕಂಡಕ್ಟರ್ ಸರಸರನೆ ಕೆಳಗಿಳಿದ. ಓಡಿಯೇ ಹೋಗುತ್ತಾನೆಂದು ಮೇಷ್ಟ್ರು ಅಂದುಕೊಂಡರು. ಆದರೆ ಆತ ಕುರ್ಚಿಸಾಲುಗಳ ನಡುವೆ ಬಂದು, ಕಾಲು ಅಗಲಿಸಿ ನಿಂತು, ಅಲ್ಲಿಲ್ಲದ ಕಂಬಿಯನ್ನು ಹಿಡಿಯಲು ಕೈ ಮೇಲೆತ್ತಿದ. ಆಮೇಲೆ ಕೂಗಿದವನ ಬಳಿಗೇ ಹೋದ.

"ನಿಮಗೇ ಮೊದಲು, ತಗೊಳ್ಳಿ. ಓಡಿ ಬರೋ ಅಜ್ಜಿ ಕನ್ನಡೀಲಿ ಕಂಡ್ರೆ, ನಾನು ಎರಡು ಬಡಿದ್ರೂ ಅಣ್ಣ ಬಸ್ಸು ಬಿಡ್ತಿರಲಿಲ್ಲ. 'ಕಿವಿ ಕೆಟ್ಟಿದೆಯಾ' ಅಂತ ಬೈತಿದ್ದೆ. ಅಣ್ಣನ ಕಿವಿ ಸರಿ ಇತ್ತು. ನನ್ನ ಕಣ್ಣೇ ಸಾಲ್ತಿರಲಿಲ್ಲ."

ಮುಂದಿನ ಸಾಲಿಗೆ ಇನ್ನೊಂದು ಮಾತು, ಅದರ ಮುಂದಿನದಕ್ಕೆ ಮತ್ತೊಂದು. ಟಿಕೆಟು ಕೊಡುವಂತೆ ಕೈ ಚಾಚುತ್ತ ಹೋದ, ಮಾತು ನಿಲ್ಲಲಿಲ್ಲ. ವೇದಿಕೆಯ ಹತ್ತಿರ ಬಂದು ಡ್ರೈವರಣ್ಣನ ಮುಖ ನೋಡಿದ. ಮಾತಿನ ಬದಲು ವೇದಿಕೆಯ ಹಲಗೆಗೆ ಎರಡು ಸಲ ಬಡಿದ. ಡ್ರೈವರಣ್ಣನ ಎಡಗಾಲು ತಾನಾಗಿಯೇ ಕ್ಲಚ್ಚು ಒತ್ತಿತು, ಕೈ ಗೇರು ಹುಡುಕಿತು. ಈ ಸಲ ಯಾರೂ ನಗಲಿಲ್ಲ.

ಈಗ ಕಂಡಕ್ಟರನೂ ನಿವೃತ್ತ. "ಹೆದರಿಕೆ ಹೋಯ್ತೇನ್ರೀ?" ಎಂದು ಮೇಷ್ಟ್ರು ಕೇಳಿದರೆ, "ಎಲ್ಲಿ ಹೋಗುತ್ತೆ? ಹಿಂದೆ ಜಾಗ ಇದೆ ಅಂತ ಹತ್ತಿಸ್ಕೊಂಡಿದ್ದೀನಿ" ಎನ್ನುತ್ತಾನೆ. ಆತನ ಹೆಂಡತಿ ಬಡಾವಣೆಯ ಮಹಿಳಾ ಸಂಘದ ಕಾರ್ಯದರ್ಶಿ. ಸಭೆಯಲ್ಲಿ ಎದ್ದು ನಿಂತರೆ ಆಕೆಯ ದನಿಯೂ ಒಂದೇಟಿಗೆ ಹೊರಡುವುದಿಲ್ಲ. ಕಂಡಕ್ಟರ್ ಬಾಗಿಲ ಬಳಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕಾದಿರುತ್ತಾನೆ. ಬಾಗಿಲಿಗೆ ಎರಡು ಸಲ ಬಡಿಯುತ್ತಾನೆ. ಆಕೆ ಒಮ್ಮೆ ಕಣ್ಣು ಕೆಕ್ಕರಿಸಿ, ಮಾತು ಶುರು ಮಾಡುತ್ತಾಳೆ.